ಸಿಇಟಿ ರ‍್ಯಾಂಕ್ ಬಂದಾಯಿತು: ಸೀಟು ಸಿಗುವುದೇ, ಸಿಗುವುದಾದರೆ ಯಾವ ಸುತ್ತಿನಲ್ಲಿ?

ಮೇ ಕೊನೆಯಿಂದ ಆಗಸ್ಟ್‌ವರೆಗೆ ನನಗೆ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಎರಡೇ. ‘ಇಷ್ಟು ರ‍್ಯಾಂಕ್ ಬಂದಿದೆ, ಇಂಥ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಸಿಗುತ್ತದೆಯೇ?’ ಎಂಬುದು ಒಂದು. ‘ಮೊದಲ ಸುತ್ತಿನಲ್ಲಿ ಸಿಕ್ಕಿದ್ದನ್ನು ಹಿಡಿದುಕೊಳ್ಳಲೇ, ಮುಂದಿನ ಸುತ್ತಿಗೆ ಕಾಯಲೇ?’ ಎಂಬುದು ಇನ್ನೊಂದು. ಒಬ್ಬೊಬ್ಬರಿಗೂ ಬಿಡಿಯಾಗಿ ಉತ್ತರಿಸುವ ಬದಲು, ಉತ್ತರವನ್ನು ನೀವೇ ಕಂಡುಕೊಳ್ಳುವ ಕ್ರಮವನ್ನು ಇಲ್ಲಿ ಬರೆದಿಟ್ಟಿದ್ದೇನೆ. ಇದು ಸಾಮಾನ್ಯ ಪ್ರವೇಶ ಪರೀಕ್ಷೆ (ಸಿಇಟಿ) ಬರೆದು, ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ಸುತ್ತು ಸುತ್ತಾಗಿ ಹಂಚುವ ಎಂಜಿನಿಯರಿಂಗ್ ಸೀಟು ಬಯಸುವವರಿಗಾಗಿ. ಮೆಡಿಕಲ್ ಸೀಟಿಗೆ ನೀಟ್ ರ‍್ಯಾಂಕ್ ಬೇಕು, ಅದರ ಲೆಕ್ಕಾಚಾರ ಬೇರೆ.

ನನ್ನ ಬಳಿ ಬೇಸರ ತೋಡಿಕೊಂಡವರಲ್ಲಿ ರ‍್ಯಾಂಕ್ ಸಾಲದೆ ಸೀಟು ತಪ್ಪಿದವರಿಗಿಂತ, ಪಟ್ಟಿ ಬರೆಯುವಾಗ ಹೆದರಿ ಸೀಟು ಕಳೆದುಕೊಂಡವರೇ ಹೆಚ್ಚು. ಆ ಹೆದರಿಕೆಗೆ ಆಧಾರವಿಲ್ಲ. ಏಕೆಂಬುದನ್ನು ನಾಲ್ಕನೇ ಹಂತದಲ್ಲಿ ಹೇಳಿದ್ದೇನೆ. ಸಮಯವಿಲ್ಲದವರು ನೇರವಾಗಿ ಅಲ್ಲಿಗೇ ಹೋಗಬಹುದು.

1. ನಿಮ್ಮ ರ‍್ಯಾಂಕ್ ಎಲ್ಲಿಂದ ಬಂತು ಎಂದು ತಿಳಿದುಕೊಳ್ಳಿ

ಎಂಜಿನಿಯರಿಂಗ್ ರ‍್ಯಾಂಕ್‌ನ ಅರ್ಧ ತೂಕ ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳಿಗೆ. ಉಳಿದ ಅರ್ಧ ಸಿಇಟಿಯಲ್ಲಿ ಅದೇ ಮೂರು ವಿಷಯಗಳ ಅಂಕಗಳಿಗೆ. ಪಿಯುಸಿಯಲ್ಲಿ 300ಕ್ಕೆ 270 ಬಂದಿದ್ದರೆ ಅದು ಶೇ 90. ಸಿಇಟಿಯಲ್ಲಿ 180ಕ್ಕೆ 108 ಬಂದಿದ್ದರೆ ಶೇ 60. ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ 75. ಈ 75ನ್ನು ಉಳಿದವರ ಅಂಕಗಳೊಂದಿಗೆ ಇಳಿಕೆಯ ಕ್ರಮದಲ್ಲಿ ಜೋಡಿಸಿದಾಗ ನೀವು ನಿಲ್ಲುವ ಜಾಗವೇ ನಿಮ್ಮ ರ‍್ಯಾಂಕ್. 2025ರಲ್ಲಿ ಎಂಜಿನಿಯರಿಂಗ್ ರ‍್ಯಾಂಕ್ ಪಡೆದವರು ಎರಡೂವರೆ ಲಕ್ಷಕ್ಕೂ ಹೆಚ್ಚು. ಅಷ್ಟು ಜನ ಸಾಲಿನಲ್ಲಿರುವಾಗ ನಡುಭಾಗದಲ್ಲಿ ಅರ್ಧ ಅಂಕ ಹೆಚ್ಚುಕಡಿಮೆಯಾದರೂ ರ‍್ಯಾಂಕ್ ಸಾವಿರಗಳಲ್ಲಿ ಏರಿಳಿಯುತ್ತದೆ.

ಆದ್ದರಿಂದ ಪಕ್ಕದ ಮನೆಯ ಅಣ್ಣ ‘ನನಗೆ ಇಷ್ಟೇ ಅಂಕ ಬಂದಿತ್ತು, ಆದರೂ ಸೀಟು ಸಿಕ್ಕಿತ್ತು’ ಎಂದರೆ ನಕ್ಕು ಸುಮ್ಮನಾಗಿ. ಅಂಕವನ್ನು ವರ್ಷದಿಂದ ವರ್ಷಕ್ಕೆ ಹೋಲಿಸಲಾಗದು. 2024ರ ಸಿಇಟಿಯಲ್ಲಿ ಪಠ್ಯಕ್ಕೆ ಹೊರತಾದ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದಲೇ ಕೈಬಿಡಲಾಯಿತು. ಆ ವರ್ಷದ ಅಂಕವನ್ನು ಈ ವರ್ಷದ ಅಂಕದ ಪಕ್ಕದಲ್ಲಿಟ್ಟು ನೋಡುವುದರಲ್ಲಿ ಏನು ಅರ್ಥವಿದೆ? ಹೋಲಿಸುವುದಾದರೆ ರ‍್ಯಾಂಕನ್ನು ಹೋಲಿಸಿ.

ಸಿಬಿಎಸ್ಇ, ಐಸಿಎಸ್ಇ ಓದಿದವರಿಗೆ ಒಂದು ಎಚ್ಚರಿಕೆ. ರಾಜ್ಯ ಮಂಡಳಿಯ ಅಂಕಗಳು ಪ್ರಾಧಿಕಾರಕ್ಕೆ ತಾವಾಗಿಯೇ ತಲುಪುತ್ತವೆ; ನಿಮ್ಮ ಹನ್ನೆರಡನೇ ತರಗತಿಯ ಅಂಕಗಳನ್ನು ನೀವೇ ಜಾಲತಾಣದಲ್ಲಿ ನಮೂದಿಸಬೇಕು. ಅದನ್ನು ಮರೆತು ‘ರ‍್ಯಾಂಕೇ ಬಂದಿಲ್ಲ’ ಎಂದು ಗಾಬರಿಯಾಗುವವರು ಪ್ರತಿ ವರ್ಷ ಇರುತ್ತಾರೆ.

2. ನೀವು ಯಾವ ಯಾವ ಸಾಲಿನಲ್ಲಿ ನಿಂತಿದ್ದೀರಿ ಎಂದು ನೋಡಿ

ಒಬ್ಬ ಅಭ್ಯರ್ಥಿ ಒಂದೇ ಸಾಲಿನಲ್ಲಿ ನಿಂತಿರುವುದಿಲ್ಲ. ಸಾಮಾನ್ಯ ವರ್ಗದ (ಜಿಎಂ) ಸೀಟು ಎಲ್ಲರಿಗೂ ತೆರೆದದ್ದು. ಅದರ ಜೊತೆಗೆ ಹಿಂದುಳಿದ ವರ್ಗಗಳ ಪ್ರವರ್ಗ-1, 2ಎ, 2ಬಿ, 3ಎ, 3ಬಿ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಸೀಟುಗಳಿವೆ. ಪ್ರತಿ ವರ್ಗದೊಳಗೆ ಮತ್ತೆ ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಪಾಲು ಇದೆ. ಒಂದರಿಂದ ಹತ್ತನೇ ತರಗತಿಯವರೆಗೆ ಹಳ್ಳಿಯ ಶಾಲೆಯಲ್ಲಿ ಓದಿದವರಿಗೆ ಗ್ರಾಮೀಣ ಪಾಲು ಶೇ 15. ಅದೇ ಹತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5. ಕಟ್ ಆಫ್ ಪಟ್ಟಿಯಲ್ಲಿ (ಅದು ಏನೆಂದು ಮುಂದಿನ ಹಂತದಲ್ಲಿದೆ) 2ಎಜಿ, 2ಎಆರ್, 2ಎಕೆ ಎಂದು ಕಾಣುವುದು ಇದೇ: ಕೊನೆಯ ಅಕ್ಷರ ಜಿ ಎಂದರೆ ಆ ವರ್ಗದ ಸಾಮಾನ್ಯ ಸೀಟು, ಆರ್ ಎಂದರೆ ಗ್ರಾಮೀಣ, ಕೆ ಎಂದರೆ ಕನ್ನಡ ಮಾಧ್ಯಮ.

ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಗಳ ಸ್ಥಳೀಯರಿಗೆ ಸಂವಿಧಾನದ 371(ಜೆ) ವಿಧಿಯಡಿ ಆ ಭಾಗದ ಕಾಲೇಜುಗಳಲ್ಲಿ ಶೇ 70 ಮತ್ತು ರಾಜ್ಯದ ಉಳಿದೆಡೆ ಶೇ 8 ಸೀಟುಗಳಿವೆ. ಅರ್ಹತಾ ಪತ್ರ ಕೊಡುವವರು ಉಪವಿಭಾಗಾಧಿಕಾರಿ. ರ‍್ಯಾಂಕ್ ಬಂದ ಮೇಲೆ ಅದಕ್ಕಾಗಿ ಓಡಾಡಲು ಹೊರಟರೆ ದಿನಗಳು ಸಾಲುವುದಿಲ್ಲ.

ಇನ್ನೊಂದು, ಹಲವರಿಗೆ ಗೊತ್ತೇ ಇಲ್ಲದ ಸಾಲು: ಎಸ್ಎನ್‌ಕ್ಯೂ. ಮಂಜೂರಾದ ಸೀಟುಗಳ ಮೇಲೆ ಹೆಚ್ಚುವರಿಯಾಗಿ ಶೇ 5 ಸೀಟುಗಳನ್ನು, ಕುಟುಂಬದ ವಾರ್ಷಿಕ ವರಮಾನ 8 ಲಕ್ಷ ರೂಪಾಯಿಗಿಂತ ಕಡಿಮೆ ಇರುವವರಿಗೆ ಬೋಧನಾ ಶುಲ್ಕವಿಲ್ಲದೆ ಕೊಡುವ ವ್ಯವಸ್ಥೆ ಇದು. ಸಾಮಾನ್ಯ ವರ್ಗದವರಿಗೂ ಇದು ಸಿಗುತ್ತದೆ. ಬೇಕಾದದ್ದು ನಾಡಕಚೇರಿಯ ಆದಾಯ ಪ್ರಮಾಣಪತ್ರ ಮತ್ತು ಅದರ ಮೇಲಿನ ಆರ್‌ಡಿ ಸಂಖ್ಯೆ. ‘ನಮಗೇಕೆ ಆದಾಯ ಪ್ರಮಾಣಪತ್ರ, ನಾವು ಜಿಎಂ ಅಲ್ಲವೇ’ ಎಂದು ಬಿಟ್ಟವರು ಆಮೇಲೆ ಕೈ ಹಿಸುಕಿಕೊಳ್ಳುತ್ತಾರೆ.

ಕಾಸರಗೋಡು, ಅಕ್ಕಲಕೋಟೆ, ಜತ್ತದಂಥ ಗಡಿನಾಡಿನ ಮತ್ತು ಹೊರನಾಡಿನ ಕನ್ನಡಿಗರು ಅವರಿಗೆಂದೇ ನಡೆಯುವ 50 ಅಂಕಗಳ ಕನ್ನಡ ಪರೀಕ್ಷೆಯಲ್ಲಿ ಕನಿಷ್ಠ 12 ಅಂಕ ಪಡೆದಿದ್ದರೆ ಮಾತ್ರ ಸೀಟಿಗೆ ಅರ್ಹರು.

ದಾಖಲೆಗಳ ಪರಿಶೀಲನೆ ಮುಗಿದ ಮೇಲೆ ವೆರಿಫಿಕೇಷನ್ ಸ್ಲಿಪ್ ಇಳಿಸಿಕೊಂಡು ಅಕ್ಷರ ಅಕ್ಷರ ಓದಿ. ನೀವು ಕೇಳಿದ ಮೀಸಲಾತಿಗಳೆಲ್ಲ ಅದರಲ್ಲಿ ಇವೆಯೇ? ಇಲ್ಲವಾದರೆ ಅಂದೇ ದೂರು ಕೊಡಿ. ಹಂಚಿಕೆಯ ನಂತರ ಬಂದು ‘ನಾನು ಗ್ರಾಮೀಣ’ ಎಂದರೆ ಕಂಪ್ಯೂಟರ್‌ಗೆ ಕೇಳಿಸುವುದಿಲ್ಲ.

3. ಹಳೆಯ ಕಟ್ ಆಫ್ ಓದುವುದನ್ನು ಕಲಿಯಿರಿ

ಕಟ್ ಆಫ್ ಎಂದರೆ ಒಂದು ಕಾಲೇಜಿನ ಒಂದು ಶಾಖೆಯಲ್ಲಿ, ಒಂದು ವರ್ಗದಲ್ಲಿ, ಒಂದು ಸುತ್ತಿನಲ್ಲಿ ಕೊನೆಯ ಸೀಟು ಪಡೆದವರ ರ‍್ಯಾಂಕ್. ಈ ನಾಲ್ಕರಲ್ಲಿ ಒಂದನ್ನು ಬಿಟ್ಟು ಓದಿದರೂ ಅಂಕಿ ದಾರಿ ತಪ್ಪಿಸುತ್ತದೆ. ಪ್ರಾಧಿಕಾರ ಪ್ರತಿ ಸುತ್ತಿನ ನಂತರ ಇದನ್ನು ಪ್ರಕಟಿಸುತ್ತದೆ. ಕಳೆದ ಎರಡು ಮೂರು ವರ್ಷಗಳ ಮೊದಲ ಸುತ್ತಿನ ಮತ್ತು ಕೊನೆಯ ಸುತ್ತಿನ ಪಟ್ಟಿಗಳನ್ನು ಇಳಿಸಿಕೊಳ್ಳಿ. ನಡುವಿನವು ಬೇಡ.

ಈಗ ಒಂದು ನೋಟ್ ಪುಸ್ತಕದಲ್ಲಿ ಮೂರು ಗುಂಪು ಮಾಡಿ. ಎಲ್ಲ ವರ್ಷಗಳ ಮೊದಲ ಸುತ್ತಿನ ಕಟ್ ಆಫ್ ಒಳಗೇ ನಿಮ್ಮ ರ‍್ಯಾಂಕ್ ಇದ್ದರೆ ಆ ಸೀಟು ‘ಕೈಗೆಟುಕುವುದು’. ಮೊದಲ ಸುತ್ತಿನ ಮತ್ತು ಕೊನೆಯ ಸುತ್ತಿನ ಅಂಕಿಗಳ ನಡುವೆ ಇದ್ದರೆ ‘ಕಾದರೆ ಸಿಗಬಹುದಾದದ್ದು’. ಯಾವ ವರ್ಷದ ಕೊನೆಯ ಸುತ್ತಿನಲ್ಲೂ ನಿಮ್ಮ ರ‍್ಯಾಂಕ್‌ವರೆಗೆ ಇಳಿದಿಲ್ಲದಿದ್ದರೆ ‘ಆಸೆ’. ಒಂದು ಕಾಲ್ಪನಿಕ ಉದಾಹರಣೆ: ಒಂದು ಶಾಖೆ ಮೊದಲ ಸುತ್ತಿನಲ್ಲಿ 14,000ಕ್ಕೆ, ಕೊನೆಯ ಸುತ್ತಿನಲ್ಲಿ 19,500ಕ್ಕೆ ಮುಗಿದಿದೆ. ನಿಮ್ಮದು 17,000. ಅಂದರೆ ನೀವು ಕಾಯುವ ಗುಂಪಿನವರು. ಮೊದಲ ಸುತ್ತಿನಲ್ಲಿ ಅದು ಬಾರದಿದ್ದರೆ ಎದೆಗುಂದಬೇಕಿಲ್ಲ.

ಅಂತರವನ್ನು ಅಂಕಿಯಲ್ಲಿ ಅಳೆಯಬೇಡಿ, ಪಾಲಿನಲ್ಲಿ ಅಳೆಯಿರಿ. 1,000ದ ಕಟ್ ಆಫ್ ಇರುವಲ್ಲಿ 1,500 ರ‍್ಯಾಂಕ್ ಬಹಳ ದೂರ. 60,000ದ ಕಟ್ ಆಫ್ ಇರುವಲ್ಲಿ 60,500 ಎಂದರೆ ಬಾಗಿಲಲ್ಲೇ ನಿಂತಂತೆ.

ಮೂರು ಕಡೆ ಹಳೆಯ ಅಂಕಿ ಕೈಕೊಡುತ್ತದೆ. ಒಂದು, ಸೀಟು ಹೆಚ್ಚಾದಲ್ಲಿ. ಒಂದು ಶಾಖೆಗೆ ಇಷ್ಟೇ ಸೀಟು ಎಂದಿದ್ದ ಮಿತಿಯನ್ನು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ (ಎಐಸಿಟಿಇ) 2024-25ರಿಂದ ತೆಗೆದ ಮೇಲೆ ಕಂಪ್ಯೂಟರ್ ಸೈನ್ಸ್ ಸೀಟುಗಳನ್ನು ಹೆಚ್ಚಿಸಿಕೊಂಡ ಕಾಲೇಜುಗಳಿವೆ. ಅಂಥಲ್ಲಿ ಹಳೆಯ ಕಟ್ ಆಫ್‌ಗಿಂತ ಹಿಂದಿನ ರ‍್ಯಾಂಕ್‌ಗೂ ಸೀಟು ಸಿಗಬಹುದು. ಹಂಚಿಕೆಗೆ ಮೊದಲು ಬರುವ ಸೀಟ್ ಮ್ಯಾಟ್ರಿಕ್ಸ್, ಅಂದರೆ ಕಾಲೇಜುವಾರು ಸೀಟುಗಳ ಪಟ್ಟಿಯನ್ನು ಹಿಂದಿನ ವರ್ಷದ್ದರ ಜೊತೆ ತಾಳೆ ನೋಡಿ. ಎರಡು, ಒಂದೋ ಎರಡೋ ಸೀಟು ಇರುವ ಚಿಕ್ಕ ವರ್ಗಗಳಲ್ಲಿ. ಅಲ್ಲಿ ಒಬ್ಬರ ಮನಸ್ಸು ಬದಲಾದರೂ ಕಟ್ ಆಫ್ ಹತ್ತಾರು ಸಾವಿರ ಜಿಗಿಯುತ್ತದೆ. ಮೂರು, ಹೊಸ ಹೆಸರಿನ ಶಾಖೆಗಳಲ್ಲಿ. ಕೃತಕ ಬುದ್ಧಿಮತ್ತೆ, ಡೇಟಾ ಸೈನ್ಸ್ ಎಂದು ಹೊಸದಾಗಿ ಆರಂಭವಾದವಕ್ಕೆ ಹಿಂದಿನ ದಾಖಲೆ ಇರುವುದಿಲ್ಲ. ಅದೇ ಕಾಲೇಜಿನ ಕಂಪ್ಯೂಟರ್ ಸೈನ್ಸ್ ಅಂಕಿಯಿಂದ ಅಂದಾಜು ಮಾಡಬೇಕು.

4. ಇಚ್ಛಾಪಟ್ಟಿ: ಆಸೆಯ ಕ್ರಮದಲ್ಲೇ ಬರೆಯಿರಿ

ಪ್ರಾಧಿಕಾರದ ಭಾಷೆಯಲ್ಲಿ ಇದು ‘ಆಪ್ಷನ್ ಎಂಟ್ರಿ’. ನಿಮಗೆ ಬೇಕಾದ ಕಾಲೇಜು ಮತ್ತು ಶಾಖೆಗಳ ಜೋಡಿಗಳನ್ನು ಆದ್ಯತೆಯ ಕ್ರಮದಲ್ಲಿ ನಮೂದಿಸುವುದು. ಎಡವುವುದು ಇಲ್ಲಿಯೇ.

ಕಂಪ್ಯೂಟರ್ ಮಾಡುವ ಕೆಲಸ ಸರಳ. ಮೊದಲ ರ‍್ಯಾಂಕ್‌ನವರಿಂದ ಆರಂಭಿಸಿ ಒಬ್ಬೊಬ್ಬರ ಪಟ್ಟಿಯನ್ನೇ ತೆಗೆಯುತ್ತದೆ. ನಿಮ್ಮ ಸರದಿ ಬಂದಾಗ ನಿಮ್ಮ ಮೊದಲ ಇಚ್ಛೆಯಲ್ಲಿ, ನಿಮಗೆ ಅರ್ಹತೆ ಇರುವ ಯಾವುದಾದರೂ ವರ್ಗದಲ್ಲಿ ಸೀಟು ಉಳಿದಿದೆಯೇ ಎಂದು ನೋಡುತ್ತದೆ. ಇದ್ದರೆ ಕೊಡುತ್ತದೆ. ಇಲ್ಲದಿದ್ದರೆ ಎರಡನೆಯದು, ಮೂರನೆಯದು, ಹೀಗೆ ಕೆಳಗಿಳಿಯುತ್ತದೆ. ಅಲ್ಲಿಯವರೆಗೆ ನಿಮ್ಮ ಹಿಂದಿನ ರ‍್ಯಾಂಕ್‌ನವರ ಪಟ್ಟಿಯನ್ನು ಅದು ಮುಟ್ಟುವುದೇ ಇಲ್ಲ.

ಇದರ ಪರಿಣಾಮವನ್ನು ಗಮನಿಸಿ. ಒಂದೇ ವರ್ಗದ ಇಬ್ಬರಿದ್ದಾರೆ. ಒಬ್ಬರ ರ‍್ಯಾಂಕ್ 17,900. ಆ ಸೀಟನ್ನು ಪಟ್ಟಿಯ 60ನೇ ಸಾಲಿನಲ್ಲಿ ಬರೆದಿದ್ದಾರೆ. ಇನ್ನೊಬ್ಬರದು 18,000, ಅದೇ ಸೀಟನ್ನು ಮೊದಲ ಸಾಲಿನಲ್ಲಿ ಬರೆದಿದ್ದಾರೆ. ಮೇಲಿನ 59 ಇಚ್ಛೆಗಳೂ ಸಿಗದಿದ್ದರೆ ಸೀಟು 17,900ರವರಿಗೇ. ಮೊದಲ ಸಾಲಿನಲ್ಲಿ ಬರೆದದ್ದಕ್ಕೆ ಬಹುಮಾನವಿಲ್ಲ, ಅರವತ್ತನೆಯದಾಗಿ ಬರೆದದ್ದಕ್ಕೆ ದಂಡವಿಲ್ಲ. ಹೀಗಿರುವಾಗ ‘ನನ್ನ ರ‍್ಯಾಂಕ್‌ಗೆ ಆರ್‌ವಿಯಂಥ ಬೇಡಿಕೆಯ ಕಾಲೇಜು ಸಿಗಲಾರದು, ಬರೆದು ಇಚ್ಛೆಯನ್ನು ಏಕೆ ವ್ಯರ್ಥ ಮಾಡಲಿ, ಸಿಗುವಂಥದ್ದನ್ನೇ ಮೇಲೆ ಹಾಕುತ್ತೇನೆ’ ಎನ್ನುವ ಜಾಣ್ಮೆ ಜಾಣ್ಮೆಯಲ್ಲ. ಸಿಗುವಂಥದ್ದನ್ನು ಮೇಲೆ ಹಾಕಿದರೆ ಅದೇ ಸಿಗುತ್ತದೆ. ಅದಕ್ಕಿಂತ ಒಳ್ಳೆಯದೊಂದು ಆ ವರ್ಷ ನಿಮ್ಮವರೆಗೆ ಇಳಿದು ಬಂದಿದ್ದರೂ ನೀವು ಕೈ ಚಾಚಿರುವುದಿಲ್ಲ.

ಆದ್ದರಿಂದ ಕ್ರಮ ಹೀಗಿರಲಿ. ಮೇಲೆ ‘ಆಸೆ’ ಗುಂಪು, ನಡುವೆ ‘ಕಾದರೆ ಸಿಗಬಹುದಾದದ್ದು’, ಕೆಳಗೆ ‘ಕೈಗೆಟುಕುವುದು’. ಕಾರಣ ರ‍್ಯಾಂಕ್ ಅಲ್ಲ. ನಿಮ್ಮ ಇಷ್ಟವೂ ಸಾಮಾನ್ಯವಾಗಿ ಅದೇ ಕ್ರಮದಲ್ಲಿರುತ್ತದೆ ಎಂಬುದಷ್ಟೇ. ಊರ ಹತ್ತಿರದ ಸುಲಭದ ಕಾಲೇಜೇ ನಿಮಗೆ ನಿಜವಾಗಿ ಹೆಚ್ಚು ಇಷ್ಟವಾದರೆ ಅದನ್ನೇ ಮೊದಲು ಬರೆಯಿರಿ, ಸಂಕೋಚ ಬೇಡ. ಕಟ್ ಆಫ್ ಲೆಕ್ಕದ ಉಪಯೋಗ ಪಟ್ಟಿಯ ಕ್ರಮಕ್ಕಲ್ಲ, ಪಟ್ಟಿ ಎಷ್ಟು ಉದ್ದವಿರಬೇಕು ಎಂಬುದಕ್ಕೆ. ಕೆಳಭಾಗದಲ್ಲಿ ಕೈಗೆಟುಕುವಂಥವು ಹತ್ತಾದರೂ ಇರಬೇಕು.

ಆದರೆ ಹೋಗಲು ಮನಸ್ಸಿಲ್ಲದ ಒಂದನ್ನೂ ಬರೆಯಬೇಡಿ. ಇದು ಎರಡನೇ ದೊಡ್ಡ ತಪ್ಪು. ‘ಸುಮ್ಮನೆ ಇರಲಿ’ ಎಂದು ತುಂಬಿದ್ದೇ ಒಮ್ಮೊಮ್ಮೆ ಬಂದು ಕೂರುತ್ತದೆ.

ಬರೆಯುವಾಗ ಕಣ್ಣಿಡಬೇಕಾದದ್ದು ಕಾಲೇಜಿನ ಹೆಸರಿನ ಮೇಲಲ್ಲ, ಕೋಡ್ ಮೇಲೆ. ಒಂದೇ ಸಂಸ್ಥೆಯ ಎರಡು ಮೂರು ಕಾಲೇಜುಗಳು, ಹತ್ತಿರ ಹತ್ತಿರದ ಹೆಸರುಗಳು ಎಷ್ಟೋ ಇವೆ. ಹೆಸರಿನಲ್ಲಿ ಬೆಂಗಳೂರು ಇದ್ದರೂ ಕಾಲೇಜು ಊರಾಚೆ ಇಪ್ಪತ್ತು ಮೂವತ್ತು ಕಿಲೋಮೀಟರ್ ದೂರ ಇರಬಹುದು. ನಕ್ಷೆ ತೆರೆದು ನೋಡಿ. ಹಳೆಯ ಕೆಲವು ಖಾಸಗಿ ಕಾಲೇಜುಗಳಲ್ಲಿ ಅನುದಾನಿತ ಸೀಟುಗಳಿವೆ, ಅಂದರೆ ಸರ್ಕಾರ ಸಂಬಳ ಕೊಡುವ ಶಾಖೆಗಳ ಸೀಟುಗಳು. ಅದೇ ಕಟ್ಟಡ, ಶುಲ್ಕ ಮಾತ್ರ ಬಹಳ ಕಡಿಮೆ. ಇವು ಪಟ್ಟಿಯಲ್ಲಿ ಬೇರೆ ಸಾಲಾಗಿ ಬರುತ್ತವೆ, ಅನುದಾನರಹಿತ ಸಾಲಿನ ಮೇಲೆ ಇದನ್ನು ಬರೆಯಲು ಮರೆಯಬೇಡಿ. ಸರ್ಕಾರಿ ವ್ಯವಸ್ಥೆಯ ಯುವಿಸಿಇ (ಬೆಂಗಳೂರಿನ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜು) 1917ರಲ್ಲಿ ಆರಂಭವಾದದ್ದು. ಕ್ಯಾಂಪಸ್‌ನ ಥಳಕು ನೋಡಿ ಅದನ್ನು ಕೆಳಗೆ ತಳ್ಳುವವರ ಲೆಕ್ಕ ನನಗೆ ಇಂದಿಗೂ ಅರ್ಥವಾಗಿಲ್ಲ.

ಪಟ್ಟಿಯನ್ನು ಮೊದಲು ಕಾಗದದಲ್ಲಿ ಬರೆದು, ಮನೆಯವರೊಂದಿಗೆ ಜಗಳವಾಡಿ ಮುಗಿಸಿ, ಆಮೇಲೆ ಲಾಗಿನ್ ಆಗಿ. ಸೈಬರ್ ಸೆಂಟರ್‌ನಲ್ಲಿ ಮಾಡುವುದಾದರೆ ಪಾಸ್‌ವರ್ಡ್ ಅನ್ನು ನೀವೇ ಒತ್ತಿ, ಓಟಿಪಿಯನ್ನು ಗಟ್ಟಿಯಾಗಿ ಓದಿ ಹೇಳಬೇಡಿ. ಅಭ್ಯರ್ಥಿಗಳ ಲಾಗಿನ್ ಬಳಸಿಕೊಂಡು ಸೀಟು ತಡೆಹಿಡಿಯುವ ದಂಧೆ 2024ರಲ್ಲಿ ಪೊಲೀಸ್ ಪ್ರಕರಣವಾಗಿ ಬಂಧನಗಳೂ ಆದವು.

5. ಅಣಕು ಹಂಚಿಕೆಯನ್ನು ಕನ್ನಡಿಯಂತೆ ನೋಡಿ

ನಿಜವಾದ ಹಂಚಿಕೆಗೆ ಮೊದಲು ಪ್ರಾಧಿಕಾರ ಒಂದು ಅಣಕು ಹಂಚಿಕೆ ನಡೆಸುತ್ತದೆ. ಅದರಲ್ಲಿ ಬಂದ ಸೀಟು ನಿಮ್ಮದಲ್ಲ, ಬಾರದ ಸೀಟು ಹೋದದ್ದೂ ಅಲ್ಲ. ಅದಾದ ಮೇಲೆ ಸಾವಿರಾರು ಮಂದಿ ತಮ್ಮ ಪಟ್ಟಿ ಬದಲಿಸುತ್ತಾರೆ, ಆವರೆಗೆ ಸುಮ್ಮನಿದ್ದವರು ಹೊಸದಾಗಿ ಬರೆಯುತ್ತಾರೆ. ಅಣಕಿನಲ್ಲಿ ಒಳ್ಳೆಯ ಸೀಟು ಬಂತೆಂದು ಅದರ ಕೆಳಗಿನವನ್ನೆಲ್ಲ ಅಳಿಸಿದ ಹುಡುಗನೊಬ್ಬ ನಿಜವಾದ ಸುತ್ತಿನಲ್ಲಿ ಬರಿಗೈಯಲ್ಲಿ ಉಳಿದದ್ದನ್ನು ನೋಡಿದ್ದೇನೆ. ಕೆಳಗಿನವನ್ನು ಅಳಿಸಬೇಡಿ.

ಅಣಕಿನಿಂದ ಕಲಿಯಬೇಕಾದದ್ದು ಒಂದೇ: ಬಂದ ಸೀಟನ್ನು ನೋಡಿದಾಗ ಮನಸ್ಸಿಗೆ ಏನನ್ನಿಸಿತು? ‘ಅಯ್ಯೋ, ಇದೇ?’ ಎಂದರೆ ಕ್ರಮದಲ್ಲಿ ತಪ್ಪಿದೆ, ತಿದ್ದಿ. ಏನೂ ಬಾರದಿದ್ದರೆ ಪಟ್ಟಿ ಗಿಡ್ಡವಾಯಿತು, ಕೆಳಗೆ ಇನ್ನಷ್ಟು ಸೇರಿಸಿ. ಇದು ಸೇರಿಸುವ ಕೊನೆಯ ಅವಕಾಶವೆಂದೇ ಭಾವಿಸಿ. ಮುಂದಿನ ಸುತ್ತುಗಳಲ್ಲಿ ಸಾಮಾನ್ಯವಾಗಿ ಇರುವ ಇಚ್ಛೆಗಳನ್ನು ಹಿಂದುಮುಂದು ಮಾಡಲು, ಅಳಿಸಲು ಬಿಡುತ್ತಾರೆಯೇ ಹೊರತು ಹೊಸದನ್ನು ಬರೆಯಲು ಬಿಡುವುದಿಲ್ಲ.

6. ಚಾಯ್ಸ್ ಒತ್ತುವ ಮುನ್ನ

ಮೊದಲ ಸುತ್ತಿನಲ್ಲಿ ಸೀಟು ಸಿಕ್ಕವರ ಮುಂದೆ ಆಯ್ಕೆಗಳು ತೆರೆಯುತ್ತವೆ. ಚಾಯ್ಸ್-1: ಸೀಟು ಒಪ್ಪಿದೆ, ಶುಲ್ಕ ಕಟ್ಟಿ ಸೇರುತ್ತೇನೆ. ಚಾಯ್ಸ್-2: ಸೀಟು ಒಪ್ಪಿದೆ, ಆದರೆ ಇದಕ್ಕಿಂತ ಮೇಲಿನ ಇಚ್ಛೆ ಸಿಗುವುದೇ ಎಂದು ಮುಂದಿನ ಸುತ್ತು ನೋಡುತ್ತೇನೆ. ಚಾಯ್ಸ್-3: ಈ ಸೀಟು ಬೇಡ, ಮುಂದಿನ ಸುತ್ತಿಗೆ ಬರುತ್ತೇನೆ. ಚಾಯ್ಸ್-4: ನಾನು ಹೊರಟೆ. ಯಾವ ಸುತ್ತಿನಲ್ಲಿ ಯಾವ ಚಾಯ್ಸ್ ಉಂಟು, ಎಷ್ಟು ಹಣ ಮೊದಲೇ ಕಟ್ಟಬೇಕು ಎಂಬುದು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಆ ವರ್ಷದ ಪ್ರಕಟಣೆಯನ್ನೇ ನಂಬಿ. ಏನನ್ನೂ ಒತ್ತದೆ ಗಡುವು ಮೀರಿದರೆ ಸೀಟು ಕೈತಪ್ಪುತ್ತದೆ.

ಚಾಯ್ಸ್-2 ಸುರಕ್ಷಿತ ಎಂದು ಎಲ್ಲರೂ ಹೇಳುತ್ತಾರೆ. ನಿಜ, ಮೇಲಿನದು ಸಿಗುವವರೆಗೆ ಇರುವುದು ನಿಮ್ಮದೇ. ಆದರೆ ಮೇಲಿನದು ಸಿಕ್ಕ ಕ್ಷಣ ಹಳೆಯದು ತಾನಾಗಿ ರದ್ದಾಗಿ ಇನ್ನೊಬ್ಬರಿಗೆ ಹೋಗುತ್ತದೆ. ‘ಹಳೆಯದೇ ಇರಲಿ’ ಎನ್ನುವ ಗುಂಡಿ ಇಲ್ಲ. ಮೊದಲ ಸುತ್ತಿನಲ್ಲಿ ಮೈಸೂರಿನಲ್ಲಿ ಎಲೆಕ್ಟ್ರಾನಿಕ್ಸ್ ಸಿಕ್ಕಿ, ಹಾಸ್ಟೆಲ್ ನೋಡಿ, ಮನಸ್ಸು ಅಲ್ಲಿಯೇ ನೆಲೆಸಿದೆ ಎಂದುಕೊಳ್ಳಿ. ಎರಡು ತಿಂಗಳ ಹಿಂದೆ ಹುರುಪಿನಲ್ಲಿ ಬರೆದ, ಈಗ ಬೇಡವಾದ ಇಪ್ಪತ್ತು ಇಚ್ಛೆಗಳು ಇನ್ನೂ ಅದರ ಮೇಲೆ ಕುಳಿತಿವೆ. ಅಭ್ಯಾಸಬಲದಿಂದ ಚಾಯ್ಸ್-2 ಒತ್ತಿದರೆ ಅವುಗಳಲ್ಲಿ ಯಾವುದಾದರೂ ಬಂದು ಮೈಸೂರನ್ನು ಕಿತ್ತುಕೊಳ್ಳಬಹುದು. ಚಾಯ್ಸ್-2 ಒತ್ತುವವರು ಎರಡನೇ ಸುತ್ತಿಗೆ ಮೊದಲು ಮೇಲಿನ ಸಾಲುಗಳನ್ನು ಒಂದೊಂದಾಗಿ ಓದಿ, ‘ಈಗಿನದನ್ನು ಬಿಟ್ಟು ಇಲ್ಲಿಗೆ ಹೋಗುತ್ತೇನೆಯೇ?’ ಎಂದು ಕೇಳಿಕೊಂಡು, ಇಲ್ಲ ಎನ್ನಿಸಿದ್ದನ್ನೆಲ್ಲ ಅಳಿಸಿ. ಒಂದೂ ಉಳಿಯದಿದ್ದರೆ ನಿಮ್ಮದು ಚಾಯ್ಸ್-1.

ಚಾಯ್ಸ್-3 ಬಗ್ಗೆ ನನ್ನ ಅಭಿಪ್ರಾಯ ಕಟುವಾದದ್ದು. ಹೋಗಲು ಮನಸ್ಸಿಲ್ಲದ್ದನ್ನು ಬರೆಯದೇ ಇದ್ದಿದ್ದರೆ ಅದರ ಅಗತ್ಯವೇ ಬರುತ್ತಿರಲಿಲ್ಲ. ಕಾಮೆಡ್-ಕೆ (ಖಾಸಗಿ ಕಾಲೇಜುಗಳು ತಮ್ಮದೇ ಪ್ರವೇಶ ಪರೀಕ್ಷೆಯಿಂದ ತುಂಬುವ ಸೀಟು) ಅಥವಾ ಎನ್ಐಟಿ ಸೀಟು ಕೈಯಲ್ಲಿ ಭದ್ರವಾಗಿರುವವರು ಬಿಟ್ಟರೆ ಉಳಿದವರಿಗೆ ಅದು ಜೂಜು.

7. ಯಾವಾಗ ಸಿಗುತ್ತದೆ? ಬೇರೆಯವರು ಹೊರಟಾಗ

ಪರೀಕ್ಷೆ ಏಪ್ರಿಲ್‌ನಲ್ಲಿ. ಫಲಿತಾಂಶ 2024ರಲ್ಲಿ ಜೂನ್ 1ಕ್ಕೆ, 2025ರಲ್ಲಿ ಮೇ 24ಕ್ಕೆ ಬಂತು. ಆಮೇಲೆ ಇಚ್ಛೆ ದಾಖಲಿಸಲು, ಅಣಕು ಹಂಚಿಕೆಗೆ, ಮೊದಲ ಸುತ್ತಿಗೆ ಒಂದೆರಡು ತಿಂಗಳು ಹಿಡಿಯುತ್ತದೆ. 2024ರಲ್ಲಿ ನೀಟ್ ವಿವಾದ ಸುಪ್ರೀಂ ಕೋರ್ಟ್‌ವರೆಗೆ ಹೋಗಿ, ಪರಿಷ್ಕೃತ ಫಲಿತಾಂಶ ಬರುವಾಗ ಜುಲೈ ಕೊನೆಯಾಗಿತ್ತು. ಎರಡರ ಹಂಚಿಕೆಯನ್ನೂ ಪ್ರಾಧಿಕಾರವೇ ನಡೆಸುವುದರಿಂದ ಅದರ ಬಿಸಿ ಎಂಜಿನಿಯರಿಂಗ್‌ನವರಿಗೂ ತಟ್ಟಿತು.

ಎರಡನೇ ಸುತ್ತಿನಲ್ಲಿ ಸೀಟು ಹುಟ್ಟುವುದು ಬಿಟ್ಟುಹೋದವರಿಂದ. ಮೇಲಿನ ರ‍್ಯಾಂಕ್‌ನವರು ಐಐಟಿ, ಎನ್ಐಟಿಗೆ ಹೋಗುತ್ತಾರೆ. ಸುರತ್ಕಲ್‌ನ ಎನ್ಐಟಿಕೆಯಲ್ಲಿ ಅರ್ಧದಷ್ಟು ಸೀಟು ಕರ್ನಾಟಕದವರಿಗೇ ಇರುವುದರಿಂದ ಆ ಹರಿವು ಚಿಕ್ಕದಲ್ಲ. ಕೆಲವರಿಗೆ ಮೆಡಿಕಲ್ ಸಿಗುತ್ತದೆ. ಕೆಲವರು ಕಾಮೆಡ್-ಕೆ ಸೀಟಿಗೆ ಹೋಗುತ್ತಾರೆ. ಇವರೆಲ್ಲ ಮೊದಲ ಸುತ್ತಿನಲ್ಲಿ ಹಿಡಿದಿದ್ದ ಸೀಟು ಎರಡನೇ ಸುತ್ತಿಗೆ ಬರುತ್ತದೆ. ಹೀಗಾಗಿ ಇಳಿತ ಹೆಚ್ಚು ಕಾಣುವುದು ಮೇಲಿನ ಕಾಲೇಜುಗಳ ಬೇಡಿಕೆಯ ಶಾಖೆಗಳಲ್ಲಿ. ಅಲ್ಲಿ ತೆರವಾದದ್ದಕ್ಕೆ ಕೆಳಗಿನವರು ಏರುತ್ತಾರೆ, ಅವರು ಬಿಟ್ಟದ್ದಕ್ಕೆ ಇನ್ನೂ ಕೆಳಗಿನವರು. ಕೊನೆಯ ಸುತ್ತಿನವರೆಗೆ ಕಾಯುವುದರಲ್ಲಿ ತಪ್ಪಿಲ್ಲ, ಕೈಯಲ್ಲಿ ಒಂದು ಸೀಟು ಇದ್ದರೆ.

ಕಾಯುವ ಹೊತ್ತಿನಲ್ಲಿ ಖಾಸಗಿ ಕಾಲೇಜಿನವರು ‘ಇಂದೇ ಮುಂಗಡ ಕಟ್ಟಿ, ನಾಳೆ ಸೀಟು ಇರುವುದಿಲ್ಲ’ ಎಂದು ಕರೆ ಮಾಡುತ್ತಾರೆ. ಹಣ ಕಟ್ಟುವುದು ಬಿಡುವುದು ನಿಮಗೆ ಸೇರಿದ್ದು. ಆದರೆ ಎಸ್ಸೆಸ್ಸೆಲ್ಸಿ, ಪಿಯುಸಿ ಮೂಲ ಅಂಕಪಟ್ಟಿಗಳನ್ನು ಮಾತ್ರ ಅಲ್ಲಿ ಇಟ್ಟು ಬರಬೇಡಿ. ನಾಳೆ ಸರ್ಕಾರಿ ಸೀಟು ಸಿಕ್ಕಾಗ ಅವನ್ನು ಬಿಡಿಸಿಕೊಳ್ಳುವುದೇ ಒಂದು ಸಾಹಸವಾಗುತ್ತದೆ.

8. ಸೀಟು ನಿಮ್ಮದಾಗುವುದು ಕಾಲೇಜಿನಲ್ಲಿ ವರದಿ ಮಾಡಿಕೊಂಡ ಮೇಲೆಯೇ

ಶುಲ್ಕ ಕಟ್ಟಿದರೆ ಮುಗಿಯಲಿಲ್ಲ. ಹಣ ಪ್ರಾಧಿಕಾರದ ಖಾತೆಗೆ ತಲುಪಿದೆಯೇ ಎಂದು ಲಾಗಿನ್ ಆಗಿ ನೋಡಿ, ಪ್ರವೇಶ ಆದೇಶ ಪತ್ರವನ್ನು ಇಳಿಸಿಕೊಳ್ಳಿ. ಅದರಲ್ಲಿ ನಮೂದಾದ ಕೊನೆಯ ದಿನಾಂಕದೊಳಗೆ ಮೂಲ ದಾಖಲೆಗಳೊಂದಿಗೆ ಕಾಲೇಜಿನಲ್ಲಿ ಹಾಜರಾಗಬೇಕು. ದೊಡ್ಡ ಮೊತ್ತ ಬ್ಯಾಂಕಿನ ದೈನಂದಿನ ಮಿತಿಗೆ ಸಿಕ್ಕಿಹಾಕಿಕೊಳ್ಳುವುದು ಕೊನೆಯ ದಿನ ಸಂಜೆಯೇ. ಹಿಂದಿನ ವಾರವೇ ಮಿತಿ ಹೆಚ್ಚಿಸಿಕೊಳ್ಳಿ. ಅರ್ಜಿಯಲ್ಲಿ ಕೊಟ್ಟ ಮೊಬೈಲ್ ಸಂಖ್ಯೆ ಅಪ್ಪನದಾಗಿದ್ದು ಅವರು ಗದ್ದೆಯಲ್ಲೋ ಬಸ್ಸಿನಲ್ಲೋ ಇದ್ದರೆ, ಆ ದಿನಗಳಲ್ಲಿ ಫೋನ್ ಮನೆಯಲ್ಲೇ ಬಿಟ್ಟುಹೋಗುವಂತೆ ಹೇಳಿ.